ಜಯದೇವರ ಕಿವಿ

ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ಕನ್ನಡದವರ ಕಾರು ಏನಾದರೂ ಹೊಸ ಸದ್ದು ಮಾಡಿತೆಂದರೆ ಆ ಸದ್ದು ಗ್ಯಾರೇಜಿಗಿಂತ ಮೊದಲು ಜಯದೇವ ಅವರ ಕಿವಿಗೆ ಹೋಗಬೇಕು ಎಂಬುದು ಕೆಲವು ವರ್ಷ ಅಲ್ಲಿನ ರೂಢಿಯೇ ಆಗಿಬಿಟ್ಟಿತ್ತು.

ಜಯದೇವ ಮೈಸೂರಿನ ಸರಸ್ವತೀಪುರಂ ಕಡೆಯವರು. ಐವತ್ತರ ಹತ್ತಿರದ ವಯಸ್ಸು, ಮಾತಾಡುವ ಮೊದಲು ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ. ಚಿಪ್ ತಯಾರಿಸುವ ಯಂತ್ರಗಳಿಗೆ ಬಿಡಿಭಾಗ ಒದಗಿಸುವ ಒಂದು ಕಂಪನಿಯಲ್ಲಿ ಅವರು ಕಂಪನ ವಿಭಾಗದ ಎಂಜಿನಿಯರು. ಹೊರಗೆ ರಸ್ತೆಯಲ್ಲಿ ಲಾರಿ ಹೋದರೆ ಒಳಗಿನ ಯಂತ್ರ ನಡುಗಬಾರದು, ಪಕ್ಕದ ಕೋಣೆಯಲ್ಲಿ ಯಾರಾದರೂ ಬಾಗಿಲು ಧಡಾರನೆ ಹಾಕಿದರೂ ಅದಕ್ಕೆ ಗೊತ್ತಾಗಬಾರದು. ಅದನ್ನು ನೋಡಿಕೊಳ್ಳುವುದು ಅವರ ವಿಭಾಗದ ಕೆಲಸ. ಹಾಗಂತ ಜಯದೇವ ಯಂತ್ರವೊಂದನ್ನು ಕೈಯಲ್ಲಿ ಮುಟ್ಟಿ ಯಾವ ಕಾಲವಾಗಿತ್ತೋ. ಯಂತ್ರ ನಡುಗುತ್ತಿದೆಯೇ ಎಂದು ಚರ್ಚಿಸುವ ಮೀಟಿಂಗು, ಆ ಮೀಟಿಂಗನ್ನು ಯಾವತ್ತು ಇಟ್ಟುಕೊಳ್ಳೋಣ ಎಂದು ತೀರ್ಮಾನಿಸುವ ಮೀಟಿಂಗು, ಇವೆರಡರ ನಡುವೆ ಅವರ ದಿನ ಮುಗಿದುಹೋಗುತ್ತಿತ್ತು. ಆದರೆ ಇಷ್ಟು ವಿವರ ಕನ್ನಡ ಕೂಟದವರಿಗೆ ಯಾಕೆ ಬೇಕು? ಕಂಪನ ಅಂದರೆ ನಡುಕ, ನಡುಕ ಅಂದರೆ ಸದ್ದು, ಸದ್ದು ಅಂದರೆ ಜಯದೇವ ಸರ್. ಲೆಕ್ಕ ಸರಿಹೋಯಿತು.

ಶುರುವಾದದ್ದು ಒಂದು ಯುಗಾದಿಯ ಮಧ್ಯಾಹ್ನ. ಕೂಟದವರು ಬಾಡಿಗೆಗೆ ಹಿಡಿದಿದ್ದ ಸಭಾಂಗಣದ ಮುಂದೆ ಊಟ ಮುಗಿಸಿದವರೆಲ್ಲ ಎಲೆಯಡಿಕೆ ಹಾಕಿಕೊಂಡು ಬಿಸಿಲಿಗೆ ನಿಂತಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ರಾಕೇಶ ತನ್ನ ಹಳೆಯ ಕಾರನ್ನು ಸ್ಟಾರ್ಟ್ ಮಾಡಿದ. ಕಾರಿನ ಕೆಳಗಿನಿಂದ ಚಮಚ ತುಂಬಿದ ಡಬ್ಬಿಯನ್ನು ಯಾರೋ ಅಲ್ಲಾಡಿಸಿದ ಹಾಗೆ ಗಿಲಗಿಲ ಸದ್ದು ಬಂತು. ಎಲ್ಲರೂ ಆ ಕಡೆ ತಿರುಗಿದರು, ಆಮೇಲೆ ಯಾಕೋ ಎಲ್ಲರೂ ಜಯದೇವರ ಕಡೆ ತಿರುಗಿದರು.

"ಸರ್, ಇದು ನಿಮ್ ಏರಿಯಾ ಅಲ್ವಾ? ಏನಿರಬಹುದು?" ಎಂದ ರಾಕೇಶ.

ಜಯದೇವರಿಗೆ ಏನಿರಬಹುದು ಎಂದು ಸ್ವಲ್ಪವೂ ಗೊತ್ತಿರಲಿಲ್ಲ. ಆದರೆ ಅದೇ ವಾರ ಆಫೀಸಿನ ಕಾಫಿ ಮಷೀನಿನ ಮುಂದೆ ಒಬ್ಬ ಸಹೋದ್ಯೋಗಿ ತನ್ನ ಕಾರಿನ ಹೀಟ್ ಶೀಲ್ಡ್ ಸಡಿಲವಾಗಿ ತಲೆ ಚಿಟ್ಟು ಹಿಡಿಸಿದ ಕಥೆ ಹೇಳಿದ್ದ. ಅಷ್ಟು ಜನ ನೋಡುತ್ತಿರುವಾಗ ಸುಮ್ಮನಿರಲು ಆಗದೆ ಜಯದೇವ ಕಣ್ಣು ಮುಚ್ಚಿ, ತಲೆಯನ್ನು ಕೊಂಚ ವಾರೆ ಮಾಡಿ, "ಹೀಟ್ ಶೀಲ್ಡು" ಎಂದರು.

ಮರುವಾರ ರಾಕೇಶ ಗ್ಯಾರೇಜಿಗೆ ಹೋದ. ನಿಜಕ್ಕೂ ಹೀಟ್ ಶೀಲ್ಡೇ. ಒಂದು ಕ್ಲಾಂಪು ಬಿಗಿಮಾಡಿದ ಮೇಲೆ ಕಾರು ತೆಪ್ಪಗಾಯಿತು. ರಾಕೇಶ ಕೂಟದ ವಾಟ್ಸಾಪ್ ಗುಂಪಿನಲ್ಲಿ ಬರೆದ: "ಜಯದೇವ್ ಸರ್ ಬಾನೆಟ್ ಕೂಡ ತೆಗೆಸ್ಲಿಲ್ಲ. ಬರೀ ಕಿವಿಯಲ್ಲಿ ಹೇಳಿದ್ರು." ಶಾಖ ತಡೆಯುವ ಈ ಹೀಟ್ ಶೀಲ್ಡ್ ಇರುವುದು ಕಾರಿನ ಅಡಿಯಲ್ಲಿ, ಬಾನೆಟ್ ತೆಗೆದಿದ್ದರೂ ಏನೂ ಕಾಣುತ್ತಿರಲಿಲ್ಲ ಎಂದು ಯಾರೂ ಹೇಳಲಿಲ್ಲ. ಅದು ಜಯದೇವರಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ರೆಕಾರ್ಡಿಂಗುಗಳು ಬರತೊಡಗಿದವು. ಹೆಲ್ಮಂಡಿನಿಂದ ಟಕಟಕ, ಫೆಲ್ಡ್‌ಹೋವನ್ನಿನಿಂದ ಗೊರಗೊರ, ಟಿಲ್‌ಬರ್ಗಿನಿಂದ ಕಿರ್ರ್ ಎನ್ನುವುದು. ಒಬ್ಬರಂತೂ ಎಂಜಿನ್ ಸದ್ದಿನ ಹಿಂದೆ ಮಗಳ ಸಂಗೀತ ಪಾಠವೂ ಸೇರಿದ ರೆಕಾರ್ಡಿಂಗ್ ಕಳಿಸಿ ಎರಡರ ಬಗ್ಗೆಯೂ ಅಭಿಪ್ರಾಯ ಕೇಳಿದರು. ಜಯದೇವ ಸಂಜೆ ಬಸ್ಸಿನಲ್ಲಿ ಕುಳಿತು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದರು. ಹಳೇ ಕಾಲದ ನಾಡಿ ನೋಡುವ ಪಂಡಿತರ ಹಾಗೆ ಪ್ರಶ್ನೆ ಹಾಕುತ್ತಿದ್ದರು. ಬೆಳಿಗ್ಗೆ ಜಾಸ್ತೀನಾ, ಸಂಜೆ ಜಾಸ್ತೀನಾ? ಏರು ಹತ್ತುವಾಗ ಇದೆಯಾ? ಐಂಡ್‌ಹೋವನ್ನಿನಲ್ಲಿ ಏರು ಎಲ್ಲಿಂದ ಬರಬೇಕು, ಜನ ಫ್ಲೈಓವರ್ ಹುಡುಕಿಕೊಂಡು ಹೋಗಿ ಹತ್ತಿ ಇಳಿದು ಬಂದು ಉತ್ತರ ಬರೆಯುತ್ತಿದ್ದರು. ಎಲ್ಲ ಕೇಳಿಸಿಕೊಂಡ ಮೇಲೆ ಜಯದೇವರ ತೀರ್ಪು ಹೊರಬೀಳುತ್ತಿತ್ತು: ಹೀಟ್ ಶೀಲ್ಡು. ಕೆಲವೊಮ್ಮೆ, ಹೀಟ್ ಶೀಲ್ಡಿನ ಕ್ಲಾಂಪು. ತೀರಾ ಅರ್ಥವಾಗದಿದ್ದರೆ, "ಹೀಟ್ ಶೀಲ್ಡೇ, ಆದರೆ ಇನ್ನೂ ಶುರುವಿನ ಹಂತ."

ಆ ದೇಶದ ಮಳೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು, ಎಲ್ಲ ಸೇರಿ ಹಳೆಯ ಕಾರುಗಳ ಹೀಟ್ ಶೀಲ್ಡ್ ತುಕ್ಕು ಹಿಡಿಯುವುದು ಮಾಮೂಲು. ಹಾಗಾಗಿ ಜಯದೇವರ ಮಾತು ಅನೇಕ ಸಲ ನಿಜವಾಯಿತು. ನಿಜವಾಗದಿದ್ದಾಗ ಜನ ಗ್ಯಾರೇಜಿನವನನ್ನು ಬೈದರು. "ಈ ಡಚ್ಚರಿಗೆ ಸೂಕ್ಷ್ಮ ತಿಳಿಯಲ್ಲ ಸರ್, ಕಂಪ್ಯೂಟರ್ ಹಚ್ಚಿ ಅದು ಹೇಳಿದ್ದನ್ನ ಓದ್ತಾರೆ ಅಷ್ಟೆ."

ಮನೆಯಲ್ಲಿ ಹೆಂಡತಿ ರುಕ್ಮಿಣಿಗೆ ಮಾತ್ರ ಈ ವೈದ್ಯಕೀಯದಲ್ಲಿ ನಂಬಿಕೆ ಇರಲಿಲ್ಲ. ಆಕೆ ಊರಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದರು, ಡಚ್ ಭಾಷೆ ಗಂಡನಿಗಿಂತ ಚೆನ್ನಾಗಿ ಬರುತ್ತಿತ್ತು. ಒಂದು ಭಾನುವಾರ ತಿಂಡಿಗೆ ಕೂತಾಗ ಕೇಳಿದರು, "ರೀ, ನಮ್ಮ ಕಾರಿನ ಬಾನೆಟ್ ಎಳೆಯೋ ಲಿವರ್ ಎಲ್ಲಿದೆ ಹೇಳಿ ನೋಡೋಣ."

"ಸ್ಟೀರಿಂಗ್ ಹತ್ರ ಎಲ್ಲೋ ಇರತ್ತೆ."

"ಎಡಕ್ಕಾ ಬಲಕ್ಕಾ?"

"ರುಕ್ಕು, ಹೃದಯದ ಡಾಕ್ಟ್ರು ತಾವೇ ಎದೆ ಕುಯ್ಯೋದಿಲ್ಲ. ಅದಕ್ಕೆ ಬೇರೆ ಸರ್ಜನ್ ಇರ್ತಾರೆ" ಎಂದರು ಜಯದೇವ, ದೋಸೆ ಮುರಿಯುತ್ತ.

ರಜಾಕ್ ಮತ್ತು ಮಸರ್ರತ್ ಈ ಕಥೆಯೊಳಗೆ ಬಂದದ್ದು ಒಂದು ಮಾರ್ಚ್ ತಿಂಗಳಲ್ಲಿ. ಇಬ್ಬರೂ ದಾವಣಗೆರೆಯವರು, ಮನೆಯೊಳಗೆ ದಖ್ನಿ, ಹೊರಗೆ ಕನ್ನಡ. ಜಯದೇವರ ಮನೆಯಿಂದ ಎರಡು ಬೀದಿ ಆಚೆಗೆ ವಾಸ. ರಜಾಕ್ ಚಿಪ್ ಪರೀಕ್ಷಿಸುವ ಕೆಲಸದಲ್ಲಿದ್ದ, ಮಸರ್ರತ್ ಒಂದು ಕಂಪನಿಯ ಲೆಕ್ಕಪತ್ರ ನೋಡುತ್ತಿದ್ದಳು. ರಜಾಕ್‌ನ ತಾಯಿ ಮೊದಲ ಸಲ ನೆದರ್ಲೆಂಡ್ಸಿಗೆ ಬರುವವರಿದ್ದರು. ಅವರನ್ನು ಸ್ಕಿಪೋಲ್ ವಿಮಾನ ನಿಲ್ದಾಣದಿಂದ ಕರೆತರಬೇಕಿತ್ತು. ಆ ವಾರವೇ ಕಾರು ಲೊಡಲೊಡ ಎನ್ನತೊಡಗಿತು. ರಜಾಕ್ ಫೋನನ್ನು ಬಾನೆಟ್ ಮೇಲಿಟ್ಟು ಉದ್ದಕ್ಕೆ ರೆಕಾರ್ಡ್ ಮಾಡಿ ಕಳಿಸಿದ. "ಜಯದೇವ್ ಸರ್, ಶನಿವಾರ ಅಮ್ಮೀನ ಕರ್ಕೊಂಡು ಬರೋಕೆ ಹೋಗ್ಬೇಕು. ಗಾಡಿ ತಗೊಂಡು ಹೋಗ್ಬಹುದಾ?"

ಆ ಸಂದೇಶ ಬಂದಾಗ ಜಯದೇವ ಮೀಟಿಂಗಿನಲ್ಲಿದ್ದರು. ಫೋನನ್ನು ಮೇಜಿನ ಕೆಳಗಿಟ್ಟು, ಸದ್ದು ತಗ್ಗಿಸಿ, ಮೊದಲ ಒಂದೆರಡು ಲೊಡಲೊಡ ಕೇಳಿದರು. ಅಷ್ಟರಲ್ಲಿ ಮ್ಯಾನೇಜರು ಇವರ ಕಡೆ ನೋಡಿದ. ಜಯದೇವ ಹೆಬ್ಬೆರಳಲ್ಲೇ ಬರೆದು ಕಳಿಸಿದರು: "ಹೀಟ್ ಶೀಲ್ಡ್. ಯೋಚನೆ ಬೇಡ, ಹೋಗಿ ಬನ್ನಿ."

ರಜಾಕ್ ಹೋಗಿ, ತಾಯಿಯನ್ನು ಹತ್ತಿಸಿಕೊಂಡು ಬರುತ್ತಿದ್ದ. ಝಾಲ್ಟ್‌ಬೊಮ್ಮೆಲ್ ಹತ್ತಿರದ ದೊಡ್ಡ ಸೇತುವೆ ದಾಟಿದ ಮೇಲೆ ಎಂಜಿನ್ ಕಡೆಯಿಂದ ಚಾಟಿ ಬೀಸಿದಂತೆ ಒಂದು ಪೆಟ್ಟು ಕೇಳಿಸಿತು. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳೆಲ್ಲ ಕೆಂಪಗೆ ಹತ್ತಿದವು, ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಹೇಗೋ ಮೈಯೆಲ್ಲ ಕೈಯಾಗಿ ತಿರುಗಿಸಿ ಕಾರನ್ನು ಹೆದ್ದಾರಿಯ ಅಂಚಿಗೆ ತಂದು ನಿಲ್ಲಿಸಿದ. ಕಾರಿನೊಳಗೆ ಕೂರಬಾರದು, ಕಬ್ಬಿಣದ ತಡೆಗೋಡೆಯ ಆಚೆ ನಿಲ್ಲಬೇಕು ಎಂಬುದು ಅಲ್ಲಿನ ನಿಯಮ. ಹೀಗಾಗಿ ದಾವಣಗೆರೆಯ ಮುದುಕಿ ಯುರೋಪಿನ ಮಣ್ಣಿನಲ್ಲಿ ಮೊದಲು ಕಾಲಿಟ್ಟದ್ದು ಹೆದ್ದಾರಿ ಪಕ್ಕದ ಒದ್ದೆ ಹುಲ್ಲಿನ ಮೇಲೆ. ಶಾಲು ಹೊದ್ದು, ಸೂಟ್‌ಕೇಸಿನ ಮೇಲೆ ಕೂತು, ರೊಯ್ಯನೆ ಹೋಗುವ ಲಾರಿಗಳನ್ನು ನೋಡುತ್ತಿದ್ದರು. ರಿಪೇರಿಯ ಹಳದಿ ವ್ಯಾನು ಬಂದಾಗ ಬ್ಯಾಗಿನಿಂದ ಖಾರ ಮಂಡಕ್ಕಿಯ ಪೊಟ್ಟಣ ತೆಗೆದು ಅದರ ಡ್ರೈವರಿಗೆ ಕೊಟ್ಟರು. ಆತ ತಿಂದು, ಕಣ್ಣೀರು ಒರೆಸಿಕೊಂಡು, ಎಂಜಿನ್ನಿನ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಗಾಲಿ ಮುರಿದುಹೋಗಿದೆ ಎಂದು ತೋರಿಸಿ, ಕಾರನ್ನು ಎಳೆದುಕೊಂಡು ಹೋದ.

ಸುದ್ದಿ ಭಾನುವಾರ ಜಯದೇವರಿಗೆ ತಲುಪಿತು. ತಿಳಿಸಿದವನು ರಜಾಕ್‌ನೇ, ಅದೂ ಕ್ಷಮೆ ಕೇಳುವ ಧಾಟಿಯಲ್ಲಿ. "ಸಾರಿ ಸರ್, ನಾನೇ ರೆಕಾರ್ಡಿಂಗ್ ಸರಿಯಾಗಿ ಮಾಡಿರ್ಲಿಲ್ಲ ಅನ್ಸತ್ತೆ. ಫೋನ್ ಎಡಗಡೆ ಇಟ್ಟಿದ್ದೆ. ಸದ್ದು ಬಲಗಡೆಯಿಂದ ಬರ್ತಿತ್ತಂತೆ. ನಿಮಗೆ ಹೇಗೆ ಗೊತ್ತಾಗ್ಬೇಕು ಪಾಪ."

ಬೈದಿದ್ದರೆ ಜಯದೇವರಿಗೆ ಇಷ್ಟು ಚುಚ್ಚುತ್ತಿರಲಿಲ್ಲ. ಊಟ ಅರ್ಧಕ್ಕೆ ಬಿಟ್ಟು ಎದ್ದರು. ರುಕ್ಮಿಣಿ ಏನೂ ಕೇಳದೆ ಕೋಟು ಹಾಕಿಕೊಂಡರು. ಇಬ್ಬರೂ ರಜಾಕ್ ಮನೆಗೆ ನಡೆದು ಹೋದರು.

ಅಮ್ಮಿ ಸೋಫಾದ ಮೇಲೆ ಕಾಲು ಮಡಚಿ ಕೂತು ಆರಾಮಾಗಿದ್ದರು. "ಬಾ ಅಪ್ಪಾ, ಕೂತ್ಕೋ. ಗಾಳಿ ಮಾತ್ರ ಭಾಳ ನಿಮ್ಮೂರಾಗೆ" ಎಂದರು. ರಜಾಕ್ ಚಹಾ ತರಲು ಒಳಗೆ ಹೋದ. ಮಸರ್ರತ್ ಎದುರಿನ ಕುರ್ಚಿಯಲ್ಲಿ ಕೂತು ಜಯದೇವರನ್ನೇ ನೋಡಿದಳು. ಅವಳಿಗೆ ಗಂಡನ ಹಾಗೆ ಸುತ್ತಿ ಬಳಸಿ ಮಾತಾಡುವುದು ಬರುತ್ತಿರಲಿಲ್ಲ.

"ಜಯದೇವ್ ಭಾಯ್, ಒಂದು ಮಾತು ಕೇಳ್ಲಾ? ಆ ರೆಕಾರ್ಡಿಂಗ್ ನೀವು ಪೂರ್ತಿ ಕೇಳಿದ್ರಾ?"

ಜಯದೇವ ಅಭ್ಯಾಸದಂತೆ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನೊಳಗೆ ಹೇಳಬಹುದಾದ ಮಾತುಗಳೆಲ್ಲ ಸಾಲಾಗಿ ಬಂದು ನಿಂತವು. ರೆಕಾರ್ಡಿಂಗಿನ ಗುಣಮಟ್ಟ, ಗಾಳಿಯ ಸದ್ದು, ಫೋನಿನ ಮೈಕು. ರುಕ್ಮಿಣಿ ಪಕ್ಕದಲ್ಲೇ ಇದ್ದರು. ಜಯದೇವ ಕಣ್ಣು ತೆರೆದರು.

"ಇಲ್ಲಮ್ಮ. ಮೀಟಿಂಗಲ್ಲಿದ್ದೆ. ಶುರು ಅಷ್ಟೇ ಕೇಳಿದ್ದು. ಪೂರ್ತಿ ಕೇಳಿದ್ರೂ ನನಗೆ ಗೊತ್ತಾಗ್ತಿರ್ಲಿಲ್ಲ."

"ಮತ್ತೆ ಹೋಗಿ ಬನ್ನಿ ಅಂತ ಯಾಕೆ ಬರೆದ್ರಿ?"

"ಕೇಳಿದ್ರಲ್ಲ, ಏನಾದ್ರೂ ಹೇಳ್ಬೇಕಿತ್ತು."

"ಕೇಳೋಕೆ ಟೈಮ್ ಇಲ್ಲ ಅಂದಿದ್ರೆ ನಾವು ಟ್ರೇನಲ್ಲಿ ಹೋಗಿ ಬರ್ತಿದ್ವಿ. ಬೇಜಾರೇನೂ ಮಾಡ್ಕೊಳ್ತಿರ್ಲಿಲ್ಲ" ಎಂದಳು ಮಸರ್ರತ್. ಆಮೇಲೆ ಅಡುಗೆಮನೆ ಕಡೆ ತಿರುಗಿ, "ನಮ್ಮವರದ್ದೂ ತಪ್ಪಿದೆ. ಕಾರಿಗೆ ಸರ್ವಿಸ್ ಮಾಡಿಸಿ ಅಂದ್ರೆ ನಿಮ್ಮ ಮೆಸೇಜ್ ತೋರಿಸ್ತಾರೆ. ಮುಂದಿನ ಶನಿವಾರದಿಂದ ಬಡಾವಣೆಯ ಸಮುದಾಯ ಭವನದಲ್ಲಿ ಕಾರ್ ರಿಪೇರಿ ಕ್ಲಾಸ್ ಇದೆ. ನಾನು ಹೆಸರು ಕೊಟ್ಟಿದ್ದೀನಿ. ಇನ್ನು ಯಾರ ಕಿವಿನೂ ನಂಬಲ್ಲ" ಎಂದಳು.

"ಇವರ ಹೆಸರೂ ಕೊಟ್ಬಿಡು" ಎಂದರು ರುಕ್ಮಿಣಿ.

ಕ್ಲಾಸು ನಡೆಸುತ್ತಿದ್ದ ಇನೆಕೆ ಎಂಬಾಕೆ ನಿವೃತ್ತ ಭೂಗೋಳದ ಟೀಚರು. ಹಳೆಯ ಕಾರುಗಳ ಹುಚ್ಚಿನಿಂದ ಈ ಕೆಲಸಕ್ಕೆ ಇಳಿದವರು. ಆಕೆಯ ಊಹೆಗಳು ಅರ್ಧಕ್ಕರ್ಧ ತಪ್ಪಾಗುತ್ತಿದ್ದವು. ಎಂಜಿನ್ ಟಿಕ್‌ಟಿಕ್ ಎಂದರೆ ಆಯಿಲ್ ಕಡಿಮೆ ಇರಬೇಕು ಎನ್ನುವರು, ಕಡ್ಡಿ ಅದ್ದಿ ನೋಡುವರು, ಆಯಿಲ್ ಸರಿಯಾಗಿಯೇ ಇರುತ್ತಿತ್ತು. "ಸರಿ, ಅದಲ್ಲ. ಇನ್ನೊಂದು ನೋಡೋಣ" ಎಂದು ತೋಳು ಮೇಲಕ್ಕೆ ಸರಿಸುವರು. ತಪ್ಪಾದದ್ದಕ್ಕೆ ಮುಖ ಸಣ್ಣದು ಮಾಡಿಕೊಳ್ಳುತ್ತಿರಲಿಲ್ಲ, ಯಾರೂ ನಗುತ್ತಲೂ ಇರಲಿಲ್ಲ. ಜಯದೇವರಿಗೆ ಇದೊಂದು ದೊಡ್ಡ ವಿಚಿತ್ರವಾಗಿ ಕಂಡಿತು. ಅವರ ಕಂಪನಿಯಲ್ಲಿ ತಪ್ಪು ಊಹೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದರೆ ಮೂರು ವಿಭಾಗಗಳ ಒಪ್ಪಿಗೆ ಬೇಕಾಗುತ್ತಿತ್ತು.

ಎರಡನೆಯ ಶನಿವಾರ ಕಾರನ್ನು ಜ್ಯಾಕ್ ಮೇಲೆ ಎತ್ತಿ ನಿಲ್ಲಿಸಿದ್ದರು. ಜಯದೇವ ಅಂಗಾತ ಮಲಗಿ ಅಡಿಗೆ ಸರಿದರು. ಪಕ್ಕದಲ್ಲಿ ಮಸರ್ರತ್ ಟಾರ್ಚ್ ಹಿಡಿದಿದ್ದಳು. ಇನೆಕೆ ಹೊರಗಿನಿಂದಲೇ ಕೋಲು ಚಾಚಿ, ಹೊಗೆ ಕೊಳವೆಯ ಮೇಲೆ ಮಡಚಿ ಕೂರಿಸಿದ್ದ ತೆಳ್ಳಗಿನ ತಗಡನ್ನು ತಟ್ಟಿದರು. "ಇದೇನು, ಯಾರಾದರೂ ಹೇಳ್ತೀರಾ?"

ಜಯದೇವ ಆ ಸುಕ್ಕು ಸುಕ್ಕಾದ ತಗಡನ್ನು ಚೆನ್ನಾಗಿ ನೋಡಿದರು. "ಗೊತ್ತಿಲ್ಲ" ಎಂದರು.

"ಹೀಟ್ ಶೀಲ್ಡು" ಎಂದರು ಇನೆಕೆ.

ಮಸರ್ರತ್ ಕೈಯಲ್ಲಿದ್ದ ಟಾರ್ಚ್ ಸಣ್ಣಗೆ ನಡುಗತೊಡಗಿತು. ಅವಳು ನಗುತ್ತಿದ್ದಳು. ಜಯದೇವರಿಗೂ ನಗು ತಡೆಯಲಾಗಲಿಲ್ಲ. ನಗುವಾಗ ಹಣೆ ಮೇಲೆತ್ತಿ ತಗಡಿಗೆ ಬಡಿದುಕೊಂಡರು. ಕಣ್ಣಿಗೆ ತುಕ್ಕು ಉದುರಿತು.

ಅಂದೇ ಮನೆಗೆ ಬಂದು ಕೂಟದ ಗುಂಪಿನಲ್ಲಿ ಬರೆದರು: "ಸ್ನೇಹಿತರೆ, ಕಾರಿನ ಸದ್ದಿನ ಬಗ್ಗೆ ನನಗೆ ನಿಜಕ್ಕೂ ಹೆಚ್ಚು ತಿಳಿದಿಲ್ಲ. ಇಷ್ಟು ದಿನ ಅಂದಾಜಿನಲ್ಲಿ ಹೇಳಿದ್ದೇನೆ. ದಯವಿಟ್ಟು ಇನ್ನು ಮುಂದೆ ಗ್ಯಾರೇಜಿಗೆ ತೋರಿಸಿ."

ಕೈಮುಗಿಯುವ ಚಿತ್ರಗಳು ಸುರಿದವು. "ಎಂಥ ವಿನಯ ಸರ್ ನಿಮ್ಮದು" ಎಂದು ಒಬ್ಬರು. "ತುಂಬಿದ ಜ್ಞಾನ ಇದ್ದವರು ಹೀಗೇ ಮಾತಾಡೋದು" ಎಂದು ಇನ್ನೊಬ್ಬರು. ರಾಕೇಶ ಆ ಸಂದೇಶವನ್ನು ಆಮ್‌ಸ್ಟರ್‌ಡ್ಯಾಮಿನ ಕನ್ನಡಿಗರ ಗುಂಪಿಗೂ ಕಳಿಸಿದ. ಮರುದಿನ ಅಲ್ಲಿನ ಬೈಟನ್‌ವೆಲ್ಡರ್ಟ್ ಬಡಾವಣೆಯ ಕಡೆಯಿಂದಲೂ ರೆಕಾರ್ಡಿಂಗುಗಳು ಬಂದವು.

ಜಯದೇವ ಈಗ ಎಲ್ಲರಿಗೂ "ಗೊತ್ತಿಲ್ಲ, ಗ್ಯಾರೇಜಿಗೆ ಹೋಗಿ" ಎಂದೇ ಉತ್ತರಿಸುತ್ತಿದ್ದರು. ಕೆಲವು ತಿಂಗಳು ಅದೂ ನಡೆಯಿತು. ಗ್ಯಾರೇಜಿಗೆ ಹೋದವರ ಕಾರು ರಿಪೇರಿಯಾಗುತ್ತಿತ್ತು, ಹೆಸರು ಜಯದೇವರಿಗೆ ಬರುತ್ತಿತ್ತು.

ಆ ಹೊತ್ತಿಗೆ ಡೆಲ್ಫ್ಟ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಸ್ಮೃತಿ ಫೋನ್ ಮಾಡಿದಳು. ರುಕ್ಮಿಣಿಯ ದೂರದ ನೆಂಟರ ಮಗಳು. ಹಳೆಯ ಕಾರೊಂದನ್ನು ಕೊಳ್ಳಬೇಕಂತೆ, ನೋಡಲು ಅಂಕಲ್ ಬರಬೇಕಂತೆ. "ಗೊತ್ತಿಲ್ಲ ಕಣಮ್ಮ" ಎಂದರೂ ಬಿಡಲಿಲ್ಲ. ಜಯದೇವ ರಾಟರ್‌ಡ್ಯಾಮಿನಲ್ಲಿ ಟ್ರೇನ್ ಬದಲಿಸಿ ಡೆಲ್ಫ್ಟಿಗೆ ಹೋದರು.

ಕಾರು ಚೆನ್ನಾಗಿ ತೊಳೆದು ನಿಂತಿತ್ತು, ಎಳೆ ಹಸಿರು ಬಣ್ಣ. ಮಾರುವವನು ಕೋಟಿನ ಜೇಬಿನಲ್ಲಿ ಕೈಯಿಟ್ಟು ನಿಂತ ನಡುವಯಸ್ಸಿನ ಡಚ್ಚ. ಜಯದೇವ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ಇವರು ಬರುವ ಮುಂಚೆಯೇ ಎಂಜಿನ್ ಓಡಿಸಿ ಬಿಸಿಮಾಡಿದ್ದ. ತಣ್ಣಗಿರುವಾಗ ಮಾತ್ರ ಕೇಳಿಸುವ ಸದ್ದುಗಳಿರುತ್ತವೆ ಎಂದು ಇನೆಕೆಯ ಕ್ಲಾಸಿನಲ್ಲಿ ಕಲಿತಿದ್ದರು. ಕಡ್ಡಿ ಎಳೆದು ಆಯಿಲ್ ನೋಡಿದರು, ಬಗ್ಗಿ ಅಡಿಗೆ ನೋಡಿದರು, ಸ್ಟಾರ್ಟ್ ಮಾಡಿಸಿ ತುಂಬ ಹೊತ್ತು ಕಿವಿಗೊಟ್ಟರು. ಕಣ್ಣು ಮುಚ್ಚಲಿಲ್ಲ.

"ಇವರು ಎಕ್ಸ್‌ಪರ್ಟಾ?" ಎಂದು ಮಾರುವವನು ಸ್ಮೃತಿಯನ್ನು ಕೇಳಿದ.

"ಅಲ್ಲ" ಎಂದರು ಜಯದೇವರೇ. ಮಾರುವವನ ಮುಖ ಅರಳಿತು.

ಸ್ಮೃತಿಯನ್ನು ಪಕ್ಕಕ್ಕೆ ಕರೆದು ಹೇಳಿದರು, "ನೋಡಮ್ಮ, ಒಳಗೆಲ್ಲೋ ಸಣ್ಣಗೆ ಟಕಟಕ ಇದೆ. ಚೈನಿನದೋ, ಬೇರೇನೋ, ನನಗೆ ಗೊತ್ತಾಗ್ತಿಲ್ಲ. ಎಂಜಿನ್ ಬಿಸಿ ಮಾಡಿಟ್ಟಿದ್ದಾನೆ, ಅದೂ ನನಗೆ ಸರಿ ಅನಿಸ್ಲಿಲ್ಲ. ಯಾವುದಾದ್ರೂ ಗ್ಯಾರೇಜಲ್ಲಿ ಒಂದು ಸಲ ಪರೀಕ್ಷೆ ಮಾಡಿಸಿ ಆಮೇಲೆ ತಗೋ."

ತಮ್ಮ ಜೀವಮಾನದಲ್ಲಿ ಕಾರಿನ ಬಗ್ಗೆ ಅವರು ಅಷ್ಟು ಎಚ್ಚರದಿಂದ ಆಡಿದ ಮಾತು ಇನ್ನೊಂದಿರಲಿಲ್ಲ. ಸ್ಮೃತಿ ತಲೆಯಾಡಿಸಿದಳು. ವಾಪಸ್ಸು ಹೋಗುವ ಟ್ರೇನಿನಲ್ಲಿ ಜಯದೇವರಿಗೆ ಫೋಟೋ ಬಂತು: ಎಳೆ ಹಸಿರು ಕಾರಿಗೆ ಆನಿಕೊಂಡು ಸ್ಮೃತಿ, ಕೈಯಲ್ಲಿ ಕೀಲಿ. ಕೆಳಗೆ ಬರೆದಿದ್ದಳು, "ಅಂಕಲ್, ಕಲರ್ ತುಂಬಾ ಇಷ್ಟ ಆಯ್ತು. ತಗೊಂಡೇಬಿಟ್ಟೆ."

ಕಾರು ಒಂದು ವರ್ಷ ಓಡಿತು, ಏನೂ ಆಗಲಿಲ್ಲ. ಟಕಟಕ ಇದ್ದ ಹಾಗೇ ಇತ್ತು, ಸ್ಮೃತಿ ಹಾಡು ಜೋರಾಗಿ ಹಾಕಿಕೊಂಡು ಓಡಿಸುತ್ತಿದ್ದಳು. ಆ ಬೇಸಿಗೆಯ ಕೂಟದ ಪಿಕ್ನಿಕ್ಕಿಗೆ ಅದೇ ಕಾರಿನಲ್ಲಿ ಬಂದಳು. ಜಯದೇವ ಸರ್ ಬೇಡ ಎಂದ ಕಾರಿದು ಎಂದು ಗೊತ್ತಾದದ್ದೇ ತಡ, ಜನ ಅದನ್ನು ಸುತ್ತುವರಿದರು. ಬೇಡ ಎಂದು ಅವರು ಅಂದಿರಲೇ ಇಲ್ಲ, ಪರೀಕ್ಷೆ ಮಾಡಿಸು ಎಂದಿದ್ದರು. ಆದರೆ ಆ ವ್ಯತ್ಯಾಸ ಯಾರಿಗೂ ಬೇಕಾಗಿರಲಿಲ್ಲ. ಹೆದ್ದಾರಿಯಲ್ಲಿ ನಿಂತುಹೋದ ಕಾರನ್ನು ಕ್ಷಮಿಸಿದ್ದವರು ಓಡುತ್ತಿದ್ದ ಕಾರನ್ನು ಕ್ಷಮಿಸಲಿಲ್ಲ.

ಅದಾದ ಒಂದು ಶನಿವಾರ ಬೆಳಿಗ್ಗೆ ರಾಕೇಶ ಫೋನ್ ಮಾಡಿದ. ದನಿಯಲ್ಲಿ ಮರುಕವಿತ್ತು.

"ಸರ್, ಬೇಜಾರ್ ಮಾಡ್ಕೋಬೇಡಿ. ಎಲ್ಲರೂ ಮಾತಾಡ್ಕೊಳ್ತಿದ್ರು. ನಿಮ್ಮ ಕಿವಿ ಮೊದಲಿನ ಹಾಗಿಲ್ಲ ಅಂತ. ವಯಸ್ಸಾದ್ಮೇಲೆ ಸಹಜ ಸರ್. ಒಂದು ಸಲ ಟೆಸ್ಟ್ ಮಾಡಿಸ್ಕೊಳ್ಳಿ. ನನ್ನ ಫೋನಲ್ಲಿ ಈಗ ಒಂದು ಆ್ಯಪ್ ಇದೆ, ಎಂಜಿನ್ ಸದ್ದು ಕೇಳ್ಸಿದ್ರೆ ತಾನೇ ಹೇಳತ್ತೆ. ಗುಂಪಿನವರಿಗೆ ಸದ್ಯಕ್ಕೆ ನಾನೇ ನೋಡ್ತಿದ್ದೀನಿ."

"ಒಳ್ಳೇದಾಯ್ತು ಕಣಪ್ಪ" ಎಂದರು ಜಯದೇವ. ಅದು ಮನಸ್ಸಿನಿಂದಲೇ ಬಂದ ಮಾತು. "ಆ ಆ್ಯಪ್ಪಿಗೆ ಗೊತ್ತಿಲ್ಲ ಅಂತ ಹೇಳೋಕೆ ಬರತ್ತಾ?"

ರಾಕೇಶನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಇಲ್ಲ ಸರ್, ಅದಕ್ಕೆ ಎಲ್ಲಾ ಗೊತ್ತು" ಎಂದ.

ಹೊರಗೆ ಮಸರ್ರತ್ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದಳು. ಅವತ್ತು ಕ್ಲಾಸಿನಲ್ಲಿ ಬ್ರೇಕು ಬಿಚ್ಚುವುದಿತ್ತು. ರುಕ್ಮಿಣಿ ಹಳೆಯ ಪಂಚೆ ಹರಿದು ಒರೆಸುವ ಬಟ್ಟೆ ಮಾಡಿ ಚೀಲಕ್ಕೆ ಹಾಕಿಟ್ಟಿದ್ದರು. ಜಯದೇವ ಫೋನನ್ನು ಊಟದ ಮೇಜಿನ ಮೇಲೆ ಬಿಟ್ಟು, ಚೀಲ ಹೆಗಲಿಗೇರಿಸಿ ಹೊರಟರು.